ಅರಿಶಿನ ಮುಟ್ಟಿಸಿದ ಮೂವತ್ತೆರಡು ಪ್ರತಿ

ಹಾಸನದ ನನ್ನ ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಐದೇ ಪ್ರತಿ ಸಾಕೆಂದರೂ ಪುಸ್ತಕ ಮಾಡಿಕೊಡುತ್ತೇನೆ. ಪ್ರತಿಯೊಂದರ ಮೇಲೂ ಬೇರೆ ಹೆಸರು ಬೇಕೇ, ಅದೂ ಆಗುತ್ತದೆ. ಸಮಾಧಾನ ಒಂದು ನನ್ನಿಂದಾಗದು. ಯಂತ್ರ ಹಾಳೆ ಬಿಡುವ ಮುಂಚೆಯೇ ಕೈ ಹಾಕುವ ಆಸಾಮಿ ನಾನು.

ಕೊಣನೂರು ಕಡೆಯ ಹೆಂಗಸೊಬ್ಬರು ನೋಟ್‌ಬುಕ್ ತಂದರು. ತೀರಿಕೊಂಡ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಅದರಲ್ಲಿ ಬರೆದಿಟ್ಟುಕೊಂಡಿದ್ದರು.

"ಶುಕ್ರವಾರ ತಿಥಿ ಸಾ. ಬಂದ ನೆಂಟ್ರಿಗೆಲ್ಲ ಅವರವರ ಎಸ್ರು ಆಕ್ಸಿ ಒಂದೊಂದು ಕೊಡ್ಬೇಕು. ಆಮ್ಯಾಕೆ ಇಷ್ಟೂ ಜನ ಎಲ್ಲಿ ಸೇರ್ತಾರೆ?"

ಮೂವತ್ತೆರಡು ಹೆಸರು. ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ಯಂತ್ರ ಕೈಕೊಟ್ಟಿತು. ಮೋಡಕ್ಕೆ ಕಾಗದ ತೇವ ಎಳೆದುಕೊಂಡು, ಬಿಸಿ ರೋಲರ್ ದಾಟಿದ ಹಾಳೆಗಳೆಲ್ಲ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತಿದ್ದವು. ಸಿಕ್ಕಿಕೊಂಡದ್ದನ್ನು ಕೀಳು, ಮತ್ತೆ ಹಾಕು, ಮತ್ತೆ ಬಯ್ಯಿ. ಕಾಗದದ ಹೊಸ ಕಟ್ಟು ಒಡೆದ ಮೇಲೆ ಸರಿಹೋಯಿತು. ಒಂದು ಪ್ರತಿ ಕೆಟ್ಟರೂ ಒಬ್ಬರು ನೆಂಟರಿಗೆ ಪುಸ್ತಕವಿಲ್ಲ. ಆ ಹೆಂಗಸು ಪುಸ್ತಕ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಗಡಿಯಾರ ನೋಡಿಕೊಂಡೇ ಅಂಟಿಸಿದೆ, ಅಂಚು ಕತ್ತರಿಸಿದೆ.

ಮದುವೆ ಕರೆಯೋಲೆಯಾಗಲಿ, ಶುಭಕಾರ್ಯದ ಪುಸ್ತಕವಾಗಲಿ, ನಾಲ್ಕು ಮೂಲೆಗೂ ಅರಿಶಿನ ಮುಟ್ಟಿಸಿ ಕೊಡುವುದು ನಮ್ಮ ಅಂಗಡಿಯ ರೂಢಿ. ಕಲಸಿದ ಬಟ್ಟಲು ಮೇಜಿನ ಮೇಲೇ ಇರುತ್ತದೆ. ಮುಖಪುಟದಲ್ಲಿ ಸೋಬಾನೆ ಎಂದು ಕಂಡಿದ್ದೇ ತಡ, ಕೈ ಅಲ್ಲಿಗೆ ಹೋಯಿತು. ಮೂವತ್ತೆರಡಕ್ಕೂ ಹಚ್ಚಿದ ಮೇಲೆ ನೆನಪಾಯಿತು. ಇದು ತಿಥಿಗೆ ಹೋಗುವ ಪುಸ್ತಕ! ಅಯ್ಯೋ, ನನ್ನ ಬುದ್ಧಿಗಿಷ್ಟು! ಬಟ್ಟೆಯಲ್ಲಿ ಒರೆಸಿದರೆ ಹಳದಿ ಇನ್ನಷ್ಟು ಹರಡಿತು. ಸಾವಿನ ಮನೆಗೆ ಅರಿಶಿನ ಹಚ್ಚಿ ಕಳಿಸಿದವನ ಮುಖಕ್ಕೆ ಯಾರು ತಾನೇ ಉಗಿಯುವುದಿಲ್ಲ?

ಅಷ್ಟರಲ್ಲಿ ಅವರು ಬಂದೇಬಿಟ್ಟರು.

"ತಪ್ಪಾಯ್ತು ಕಣಮ್ಮ. ಸಂಜೆ ಬಸ್ಸಿಗೆ ಹೋಗಿ, ಎಲ್ಲಾ ಹೊಸದಾಗಿ ಮಾಡ್ಕೊಡ್ತೀನಿ," ಎಂದೆ.

ಅವರು ಒಂದು ಪ್ರತಿ ಎತ್ತಿಕೊಂಡು ಮೂಲೆಯ ಮೇಲೆ ಬೆರಳಾಡಿಸಿದರು.

"ನಮ್ಮವ್ವ ಚಿಕ್ಕ ವಯಸ್ಸಿಗೇ ಗಂಡನ್ನ ಕಳ್ಕಂಡ್ಳು ಸಾ. ಊರೋರ ಮದ್ವೇಗೆಲ್ಲ ಅವ್ಳೇ ಸೋಬಾನೆ ಏಳ್ಬೇಕು. ಆದ್ರೆ ಚಪ್ರದೊಳೀಕೆ ಬುಡ್ತಿರ್ಲಿಲ್ಲ, ಬಾಗ್ಲಾಚೆ ಕುಂತ್ಕಂಡು ಏಳೋಳು. ಅರಿಸ್ನದ ಬಟ್ಲು ಎಲ್ರ ತಾವ್ಕೂ ಓಗದು, ಅವ್ಳ ತಾವ್ಕೆ ಮಾತ್ರ ಬತ್ತಿರ್ಲಿಲ್ಲ."

ನಾನು ಇನ್ನೂ ಒರೆಸುತ್ತಲೇ ಇದ್ದೆ.

"ಒರಸ್ಬ್ಯಾಡಿ ಅಂದ್ನಲ್ಲಾ!" ಅವರು ಹಾಗೆ ಅಂದೇ ಇರಲಿಲ್ಲ. ಬಟ್ಟೆ ಕಿತ್ತುಕೊಂಡರು. ನಾನು ವಾಪಸು ಕೊಡಲು ಎತ್ತಿಟ್ಟಿದ್ದ ಹಳೆಯ ನೋಟ್‌ಬುಕ್ಕನ್ನು ಬಟ್ಟಲಿನ ಪಕ್ಕಕ್ಕೆ ಸರಿಸಿದರು.

"ಇದ್ಕೂ ಒಸಿ ಮುಟ್ಸಿ ಸಾ."