ಓಬಳಮ್ಮ ಗೆದ್ದ ಲೆವೆಲ್ಲು

ಹೋದ ಮಾಗಿಯಲ್ಲಿ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕಾಲು ಜಾರಿ, ಪಾದ ಉಳುಕಿಸಿಕೊಂಡು ದಿಬ್ಬೂರಹಳ್ಳಿಯ ಓಬಳಮ್ಮ ಮನೆ ಹಿಡಿದಳು. ಕೆಲಸವಿಲ್ಲದೆ ಕೂತು ಗೊತ್ತಿದ್ದ ಹೆಂಗಸಲ್ಲ ಆಕೆ. ಎರಡನೇ ದಿನಕ್ಕೇ ಗಂಡ ಮುನಿವೆಂಕಟಪ್ಪನ ಮೇಲೆ, ಆಳುಗಳ ಮೇಲೆ, ಕೊನೆಗೆ ಕೋಳಿಗಳ ಮೇಲೂ ರೇಗತೊಡಗಿದಳು. ಗೌರಿಬಿದನೂರಿನಲ್ಲಿ ಟೀಚರಾಗಿರುವ ಮಗಳು ಯಾಮಿನಿ ಭಾನುವಾರ ನೋಡಲು ಬಂದವಳು, ಅಮ್ಮನ ಬಾಯಿಗೆ ಬೀಗ ಹಾಕುವ ಉಪಾಯವೆಂದು ಅವಳ ಮೊಬೈಲಿಗೆ ಮರಳು ಸುರಿಯುವ ಆಟವೊಂದನ್ನು ಹಾಕಿಕೊಟ್ಟಳು.

ಆಟ ನೋಡಲು ಸುಲಭ. ಸಾಲಾಗಿ ಗಾಜಿನ ಬಾಟಲಿಗಳು. ಒಂದೊಂದರಲ್ಲೂ ನಾಲ್ಕು ಪದರ ಬಣ್ಣದ ಮರಳು, ಕಲಸುಮೇಲೋಗರ. ಒಂದರ ಮೇಲಿನ ಮರಳನ್ನು ಇನ್ನೊಂದಕ್ಕೆ ಸುರಿಯಬೇಕು. ಕೆಂಪಿನ ಮೇಲೆ ಕೆಂಪೇ, ಹಸಿರಿನ ಮೇಲೆ ಹಸಿರೇ ಸುರಿಯಬೇಕು, ಇಲ್ಲವೇ ಖಾಲಿ ಬಾಟಲಿಗೆ ಸುರಿಯಬೇಕು. ಒಂದೊಂದು ಬಾಟಲಿಯಲ್ಲೂ ಒಂದೇ ಬಣ್ಣ ಉಳಿದರೆ ಆ ಲೆವೆಲ್ಲು ಗೆದ್ದಂತೆ. ಓಬಳಮ್ಮ ಮೊದಲು ಮೂಗು ಮುರಿದಳು. ಮಾಡಲು ಬೇರೇನೂ ಇಲ್ಲದೆ ಮಧ್ಯಾಹ್ನ ಎರಡು ಲೆವೆಲ್ಲು ಆಡಿದಳು. ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೋ ಏನೋ, ಅಷ್ಟರಲ್ಲಿ ಸಾದಲಿಯಿಂದ ಗಂಡನ ಅಕ್ಕ ಚಿಕ್ಕವೆಂಕಟಮ್ಮ ಬಂದಿಳಿದಳು.

ತಮ್ಮನ ಮನೆಯಲ್ಲಿ ಅಡುಗೆಗೆ ಕೈಯಾಗಲೆಂದು ಬಂದೆ ಎಂದು ಚಿಕ್ಕವೆಂಕಟಮ್ಮ ಹೇಳಿಕೊಂಡಳು. ಆದರೆ ಆಕೆ ಬ್ಯಾಗಿಟ್ಟು ಮೊದಲು ಕೇಳಿದ್ದು ಚಾರ್ಜರು ಎಲ್ಲಿ ಸಿಕ್ಕಿಸಬೇಕೆಂದು. ಸೊಸೆ ಕೊಡಿಸಿದ ದೊಡ್ಡ ಫೋನಿನಲ್ಲಿ ಅವಳೂ ಅದೇ ಮರಳಾಟ ಆಡುತ್ತಿದ್ದಳು, ಅದೂ ವರ್ಷದಿಂದ. ನೂರಾರು ಲೆವೆಲ್ಲು ದಾಟಿದ್ದಳು. ನಾದಿನಿ, ಓರಗಿತ್ತಿ, ಬೀಗಿತ್ತಿ ಎಲ್ಲರಿಗೂ ಅದನ್ನು ಹೇಳಿಕೊಂಡು ತಿರುಗಿದ್ದಳು. ಓಬಳಮ್ಮನ ಕೈಯಲ್ಲಿ ಅದೇ ಆಟ ಕಂಡು, ಬಗ್ಗಿ ನೋಡಿ, ಇನ್ನೂ ಎಳೆ ಮಕ್ಕಳ ಲೆವೆಲ್ಲಿನಲ್ಲಿದ್ದಾಳೆಂದು ತಿಳಿದು ನಕ್ಕಳು.

"ನಿನ್ ಕೈಗೆ ಹುಳ ನಿಲ್ಲಿಲ್ಲ, ಮರಳು ನಿಲ್ತದೇನೇ?"

ಹತ್ತಿರದಲ್ಲೇ ಸೊಪ್ಪು ಕೊಚ್ಚುತ್ತಿದ್ದ ಆಳು ಹೆಂಗಸರೂ ನಕ್ಕರು. ಓಬಳಮ್ಮ ತಲೆ ಎತ್ತಲಿಲ್ಲ. ಆದರೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಹೊಸ ಮುಳ್ಳೇನಲ್ಲ ಅದು. ಅದೇ ಜಾಗದಲ್ಲಿ ಮೂವತ್ತು ವರ್ಷದಿಂದ ಮುರಿದುಕೊಂಡು ಕೂತಿದ್ದ ಮುಳ್ಳು.

ಓಬಳಮ್ಮ ಚಿಂತಾಮಣಿ ಕಡೆಯ ಹುಡುಗಿ. ರೇಷ್ಮೆ ಬೆಳೆಯುವವರ ಮನೆಗೇ ಹುಟ್ಟಿ, ರೇಷ್ಮೆ ಬೆಳೆಯುವವರ ಮನೆಗೇ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ, ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಕಳಚಿ, ಹುಳ ದಪ್ಪಗಾಗಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ, ಒಂದೇ ಬೆಳಗಿನಲ್ಲಿ ತಟ್ಟೆ ತಟ್ಟೆ ಹುಳವೂ ಹಸಿರು ನೀರು ಕಕ್ಕಿಕೊಂಡು ಒದ್ದಾಡಿ ಸತ್ತವು. ಅತ್ತೆ ಎದೆ ಬಡಿದುಕೊಂಡು ಅತ್ತಳು, ಮಾವ ಇದು ಯಾರ ತಪ್ಪೆಂದು ಕೂಗಾಡಿದ. ಆಗ ತವರಿಗೆ ಬಂದಿದ್ದ ಚಿಕ್ಕವೆಂಕಟಮ್ಮ ಅಂಗಳದ ನಡುವೆ ನಿಂತು, ಹೊಸ ಸೊಸೆ ಹೊರಗಾಗಿದ್ದನ್ನು ಮುಚ್ಚಿಟ್ಟು ಹುಳದ ಮನೆಗೆ ಹೋಗಿದ್ದಾಳೆ, ತಾನೇ ಕಣ್ಣಾರೆ ನೋಡಿದೆ ಎಂದು ಹೇಳಿಬಿಟ್ಟಳು.

ಸುಳ್ಳು. ಓಬಳಮ್ಮ ಹೋಗಿರಲಿಲ್ಲ. ಹಿಂದಿನ ಸಂಜೆ ಬಂದ ಸೊಪ್ಪಿನ ಹೊರೆಯಿಂದ ಹೊಲಕ್ಕೆ ಹೊಡೆಯುವ ಔಷಧಿಯ ವಾಸನೆ ಹೊಡೆದದ್ದನ್ನು ಅವಳು ಗಂಡನಿಗೆ ಹೇಳಿಯೂ ಇದ್ದಳು. ಅವನು, ನಿನಗ್ಯಾಕೆ, ದೊಡ್ಡವರು ಮಾತಾಡುವಾಗ ಸುಮ್ಮನಿರು ಎಂದಿದ್ದ. ಯಾರೂ ಅವಳ ಮಾತು ಕೇಳಲಿಲ್ಲ. ತವರಿಗೆ ಹೇಳಿಕಳಿಸಿದರು. ಅಪ್ಪ ಬಸ್ಸಿಳಿದು ಬಂದು, ಮಗಳನ್ನು ಒಂದು ಮಾತೂ ಕೇಳದೆ, ಬೀಗರ ಅಂಗಳದಲ್ಲಿ ನಿಂತು ಕೈ ಮುಗಿದು ತಪ್ಪಾಯಿತೆಂದ. ತಾನು ಮಾಡದ ತಪ್ಪಿಗೆ ಅಪ್ಪ ಕೈ ಮುಗಿದದ್ದನ್ನು ಓಬಳಮ್ಮ ಅಡುಗೆಮನೆಯ ಕಿಂಡಿಯಿಂದ ನೋಡಿದಳು. ಅತ್ತೆ ಬದುಕಿರುವ ತನಕ ಅವಳಿಗೆ ಹುಳದ ಮನೆಯ ಹೊಸಿಲು ದಾಟುವ ಹಾಗಿರಲಿಲ್ಲ. ಆಮೇಲೆ ಮನೆಯ ಬೆಳೆಯನ್ನೆಲ್ಲ ಅವಳೇ ಎತ್ತಿದಳು, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಅವರ ಗೂಡಿಗೆ ಹೆಸರೂ ಬಂತು. ಆದರೂ ಮದುವೆ ಮುಂಜಿಯಲ್ಲಿ ನಾಲ್ಕು ಜನ ಸೇರಿದರೆ ಚಿಕ್ಕವೆಂಕಟಮ್ಮ ಆ ಕತೆಯನ್ನು ತಮಾಷೆ ಮಾಡಿ ಹೇಳುವುದು ಬಿಡಲಿಲ್ಲ. ಓಬಳಮ್ಮ ಆಗೆಲ್ಲ ಎಲೆಗೆ ಬಡಿಸುತ್ತ ಸುಮ್ಮನಿರುತ್ತಿದ್ದಳು.

ಈ ಸಲ ಮಾತ್ರ ಸುಮ್ಮನಿರಲಿಲ್ಲ. ಕಾಲಿಗೆ ಬಟ್ಟೆ ಸುತ್ತಿಕೊಂಡು, ಗೋಡೆಗೆ ಒರಗಿ, ಹಗಲೆಲ್ಲ ಮರಳು ಸುರಿದಳು. ಊಟಕ್ಕೆ ಕರೆದರೆ ಒಂದು ಕೈಯಲ್ಲಿ ಮುದ್ದೆ, ಇನ್ನೊಂದರಲ್ಲಿ ಫೋನು. ಮುನಿವೆಂಕಟಪ್ಪ ಗೊಣಗಿದ. ಪಕ್ಕದ ಮನೆಯ ಬಯ್ಯಪ್ಪ, ನಿಮ್ಮ ಹೆಂಗಸಿಗೆ ಏನೋ ಹಿಡಿದಿದೆ ಎಂದ. ಹಿಡಿದಿದ್ದು ಆಟದ ಹುಚ್ಚೆಂದೇ ಎಲ್ಲರೂ ತಿಳಿದರು.

ಅತ್ತ ಚಿಕ್ಕವೆಂಕಟಮ್ಮ ಒಂದು ಲೆವೆಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳು. ಸಾದಲಿಯಿಂದ ಬರುವಾಗಲೇ ಅದು ಅವಳನ್ನು ಹಿಡಿದಿತ್ತು. ಬಾಟಲಿಗಳೆಲ್ಲ ತುಂಬಿವೆ, ಒಂದು ಮಾತ್ರ ಖಾಲಿ, ಇನ್ನೊಂದು ಅರ್ಧ ತುಂಬಿ ಮೇಲೆ ನೀಲಿ. ಮೇಲಿನ ಪದರ ಮಾತ್ರ ಕಣ್ಣಿಗೆ ಕಾಣುತ್ತದೆ, ಕೆಳಗಿನವುಗಳ ಮೇಲೆ ಕಪ್ಪು ಮುಸುಕು. ಮೇಲಿನದನ್ನು ಸುರಿದ ಮೇಲೆಯೇ ಕೆಳಗೆ ಏನಿದೆಯೆಂದು ತಿಳಿಯುವುದು. ಸೊಸೆ ನೋಡಿ ಸೋತಿದ್ದಳು. ಜಾಹೀರಾತು ನೋಡಿ ಇನ್ನೊಂದು ಬಾಟಲಿ ಕೇಳೋಣವೆಂದರೆ ಆ ಲೆವೆಲ್ಲಿನಲ್ಲಿ ಅದೂ ಕೊಡುವುದಿಲ್ಲ. ಒಗ್ಗರಣೆ ಸೀಯುವವರೆಗೂ ಅವಳು ಒಲೆಯ ಮುಂದೆ ಅದನ್ನೇ ತಟ್ಟುತ್ತ ನಿಂತಿರುತ್ತಿದ್ದಳು.

ಓಬಳಮ್ಮ ಹತ್ತಿಕೊಂಡು ಹತ್ತಿಕೊಂಡು ಎರಡು ವಾರದಲ್ಲಿ ಕೊನೆಗೆ ಅದೇ ಲೆವೆಲ್ಲಿಗೆ ಬಂದಳು. ಅವಳೂ ಸೋತಳು. ಮೂರು ಬಾಟಲಿಗಳ ಮೇಲೆ ಕೆಂಪು ಕಾಣುತ್ತಿತ್ತು. ಯಾರಾದರೂ ಮೊದಲು ಕೆಂಪನ್ನೇ ಖಾಲಿ ಬಾಟಲಿಗೆ ಸುರಿಯುತ್ತಾರೆ. ಸುರಿದರೆ ಕೆಳಗಿನಿಂದ ಮೂರು ಬೇರೆ ಬೇರೆ ಬಣ್ಣ ಎದ್ದು ನಿಲ್ಲುತ್ತವೆ, ಅವಕ್ಕೆ ಜಾಗವಿಲ್ಲ, ಅಲ್ಲಿಗೆ ಆಟ ಮುಗಿಯಿತು. ಅತ್ತಿಗೆ ದಿನವೂ ಅದನ್ನೇ ಮಾಡುತ್ತಿದ್ದಳು, ಬೈದು ಮತ್ತೆ ಅದನ್ನೇ ಮಾಡುತ್ತಿದ್ದಳು.

ಓಬಳಮ್ಮ ಗೆಲ್ಲುವ ಯೋಚನೆಯನ್ನೇ ಬಿಟ್ಟಳು. ಸೋತರೆ ಅದೇ ಬಾಟಲಿ, ಅದೇ ಬಣ್ಣ ಮತ್ತೆ ಬರುತ್ತದಲ್ಲ, ಒಂದೊಂದು ಸಲ ಒಂದೊಂದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿಕೊಂಡು ಬರೋಣವೆಂದು ಬೇಕೆಂದೇ ಸೋಲುತ್ತ ಹೋದಳು. ಕೊನೆಯ ಮೂಲೆಯಲ್ಲಿ ಒಂದು ಬಾಟಲಿ. ಅದರ ಮೇಲೆ ಕಾವಿ ಬಣ್ಣ. ಆ ಬಣ್ಣ ಬೇರೆಲ್ಲೂ ಕಾಣುತ್ತಿರಲಿಲ್ಲ. ಇರುವ ಒಂದೇ ಖಾಲಿ ಬಾಟಲಿಯನ್ನು ಅದಕ್ಕೆ ಕೊಡುವುದು ದಡ್ಡತನವೆಂದು ಯಾರಿಗಾದರೂ ಅನ್ನಿಸುತ್ತದೆ. ಅವಳು ಕೊಟ್ಟು ನೋಡಿದಳು. ಕೆಳಗೆ ನೀಲಿ, ಅದರ ಕೆಳಗೂ ನೀಲಿ. ಎರಡೂ ಅರ್ಧ ತುಂಬಿದ ಬಾಟಲಿಗೆ ಸರಿಯಾಗಿ ಹಿಡಿಸಿದವು. ಬುಡದಲ್ಲಿ ಮತ್ತೆ ಕಾವಿ. ಅದನ್ನೂ ಕಾವಿಯ ಮೇಲೆ ಸುರಿದಳು. ಮೂಲೆಯ ಬಾಟಲಿ ಪೂರಾ ಖಾಲಿಯಾಗಿ ನಿಂತಿತು. ಈಗ ಕೆಂಪಿಗೆ ಜಾಗವಾಯಿತು. ಆಮೇಲಿನದು ಇಳಿಜಾರಿನಲ್ಲಿ ಗಾಡಿ ಬಿಟ್ಟ ಹಾಗೆ.

ಗೆದ್ದಾಗ ಬರುವ ಸಂಗೀತವನ್ನು ಅವಳು ಜೋರು ಮಾಡಿದಳು. ಅಡುಗೆಮನೆಯಿಂದ ಚಿಕ್ಕವೆಂಕಟಮ್ಮ ಸೌಟು ಹಿಡಿದೇ ಓಡಿಬಂದಳು. ಯಾವ ಲೆವೆಲ್ಲೆಂದು ನೋಡಿದಳು. ಅವಳ ಮುಖ ಕಂಡು ಓಬಳಮ್ಮನಿಗೆ ಬಿಸಿಲಿನಲ್ಲಿ ಮಜ್ಜಿಗೆ ಕುಡಿದಂತಾಯಿತು.

ಹೇಗೆ ಮಾಡಿದೆ ಎಂದು ಅತ್ತಿಗೆ ಕೇಳಿದಳು. ಹಾಗೇ ಆಯಿತು ಎಂದು ಇವಳು ಮುಂದಿನ ಲೆವೆಲ್ಲಿಗೆ ಹೋದಳು. ಮರುದಿನವೂ ಕೇಳಿದಳು. ಇವಳಿಗೆ ನೆನಪಿಲ್ಲವಂತೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಚಿಕ್ಕವೆಂಕಟಮ್ಮ ಓಬಳಮ್ಮನಿಗೆ ಬೆಲ್ಲದ ಕಾಫಿ ಮಾಡಿ ಕೂತಲ್ಲಿಗೆ ತಂದುಕೊಟ್ಟಳು. ನೀಲಗಿರಿ ಎಣ್ಣೆ ಬಿಸಿ ಮಾಡಿ ಉಳುಕಿದ ಪಾದಕ್ಕೆ ತಿಕ್ಕಿದಳು. ಓಬಳಮ್ಮ ಕಾಲು ಚಾಚಿಕೊಂಡು, ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಒತ್ತಿ ಎಂದು ಹೇಳಿ ತಿಕ್ಕಿಸಿಕೊಂಡಳು. ಅವಳಿಗೆ ಒಂದಿಷ್ಟೂ ಅಳುಕಾಗಲಿಲ್ಲ.

ಮುಂದಿನ ಭಾನುವಾರ ಯಾಮಿನಿ ಬಂದಳು. ಮುನಿವೆಂಕಟಪ್ಪನೂ ಹುಳಕ್ಕೆ ಸೊಪ್ಪು ಹಾಕಿ ಬಂದು ಜಗುಲಿಯಲ್ಲಿ ಕೂತಿದ್ದ. ಇಬ್ಬರೂ ಇರುವುದನ್ನು ನೋಡಿಕೊಂಡು ಓಬಳಮ್ಮ ಅತ್ತಿಗೆಯನ್ನು ಕರೆದು, ಫೋನು ತನ್ನಿ, ಇವತ್ತು ತೋರಿಸುತ್ತೇನೆ ಎಂದಳು. ಚಿಕ್ಕವೆಂಕಟಮ್ಮ ಎಳೆ ಹುಡುಗಿಯ ಹಾಗೆ ಬಂದು ಪಕ್ಕದಲ್ಲಿ ಕೂತಳು. ಓಬಳಮ್ಮ ಫೋನು ತೆಗೆದುಕೊಂಡು ಮಡಿಲಿನಲ್ಲಿಟ್ಟುಕೊಂಡಳು.

"ಮೊದ್ಲು ನೀವೊಂದು ಹೇಳ್ಬೇಕು ಅತ್ತಿಗೆ. ಆವತ್ತು ಹುಳ ಸತ್ತಿದ್ದು ಯಾತಕ್ಕೆ?"

"ಆ ಹಳೇ ಕತೆ ಈಗ್ಯಾಕೇ. ಪೋನೀಲೇ, ಬಿಡತ್ಲಾಗೆ."

"ಹಂಗಾದ್ರೆ ಈ ಮರಳೂ ಪೋನೀ."

ಯಾಮಿನಿಗೆ ತಮಾಷೆ ಎನ್ನಿಸಿ ನಗಲು ಹೋದಳು. ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. ಚಿಕ್ಕವೆಂಕಟಮ್ಮ ಎದ್ದಳು, ಸೆರಗು ಕೊಡವಿದಳು, ಒಳಗೆ ಹೋಗಿ ನೀರು ಕುಡಿದು ಬಂದಳು. ಫೋನು ಇನ್ನೂ ಓಬಳಮ್ಮನ ಮಡಿಲಿನಲ್ಲೇ ಇತ್ತು. ಕೊನೆಗೆ ಕಂಬಕ್ಕೆ ಒರಗಿ ನಿಂತು, ಅದೇನು ಮಹಾ ಎನ್ನುವ ದನಿಯಲ್ಲಿ ಹೇಳಿದಳು.

"ಸೊಪ್ಪಿಗೆ ಔಷಧಿ ಬಿದ್ದಿತ್ತು. ಪಕ್ಕದ ಹೊಲದ ವೆಂಕಟರಾಯಪ್ಪನ ಟೊಮೇಟೋ ಒತ್ತಿನ ಸಾಲಲ್ಲಿ, ಔಷಧಿ ಹೊಡ್ದವ್ರಾ ಅಂತ ಅವರನ್ನ ಕೇಳ್ದೇನೇ ಕುಯ್ಕೊಂಡು ಬಂದಿದ್ದೆ. ನೀನು ಹುಳದ ಮನೆಗೆ ಹೋಗಿರ್ಲಿಲ್ಲ. ಸಾಕಾ?"

ಓಬಳಮ್ಮ ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದಳೋ. ಬಂದ ಮೇಲೆ ಏನು ಹೇಳಬೇಕೆಂಬುದನ್ನೂ ಪಾತ್ರೆ ಉಜ್ಜುತ್ತ, ಸೊಪ್ಪು ಹಾಕುತ್ತ ಸಾವಿರ ಸಲ ಹೊಂದಿಸಿಕೊಂಡಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಇನ್ನೊಂದು ಮಾತು ಸೇರಿಸಿದಳು.

"ನನ್ನೊಬ್ಳನ್ನೇ ಯಾಕೆ ಕೇಳ್ತೀಯ? ಹೊರೆ ಹೊತ್ಕೊಂಡು ಬಂದಿದ್ದು ನಿನ್ ಗಂಡ. ವಾಸನೆ ಬತ್ತೈತೆ ಅಕ್ಕಾ ಅಂತ ದಾರೀಲಿ ಅವ್ನೇ ಹೇಳಿದ್ದು."

ಓಬಳಮ್ಮ ಗಂಡನ ಕಡೆ ತಿರುಗಿದಳು. ಮುನಿವೆಂಕಟಪ್ಪ ತನ್ನ ಕಾಲ ಬೆರಳುಗಳನ್ನು ನೋಡುತ್ತ ಕೂತಿದ್ದ.

"ನಮ್ಮಪ್ಪಂಗೆ ಹೆದ್ರಿಕೊಂಡೆ ಕಣೇ" ಎಂದ.

ಇಷ್ಟು ವರ್ಷ ಹಗೆಯನ್ನೆಲ್ಲ ಒಬ್ಬಳ ಮೇಲೆ ಇಟ್ಟು, ಇವನಿಗೆ ಬಿಸಿ ಬಿಸಿ ಮುದ್ದೆ ಹಾಕಿ ಸಾಕಿದೆನಲ್ಲ ಎಂದು ಓಬಳಮ್ಮ ಅಂದುಕೊಂಡಳು. ಅಪ್ಪ ಅಂಗಳದಲ್ಲಿ ಕೈ ಮುಗಿದಾಗ ಇವನು ಪಕ್ಕದಲ್ಲೇ ನಿಂತಿದ್ದ. ಎಲ್ಲ ಗೊತ್ತಿದ್ದೂ ನಿಂತಿದ್ದ.

ಆದರೂ ಓಬಳಮ್ಮ ಕೊಟ್ಟ ಮಾತಿನಂತೆ ಅತ್ತಿಗೆಯ ಫೋನು ತೆಗೆದು, ಮೊದಲು ಕಾವಿ, ಆಮೇಲೆ ನೀಲಿ, ಮತ್ತೆ ಕಾವಿ ಎಂದು ಬೆರಳಿಟ್ಟು ತೋರಿಸಿದಳು. ಚಿಕ್ಕವೆಂಕಟಮ್ಮ, ಅಯ್ಯೋ ಇಷ್ಟೇನಾ ಎಂದಳು. ಅವಳ ಮೇಲಿದ್ದ ಸಿಟ್ಟು ಆಗಲೇ ಹಳಸಲಾಗಿತ್ತು. ಹೊಸ ಸಿಟ್ಟಿಗೆ ಜಗುಲಿಯ ಮೇಲೆ ಬೇರೆ ಆಸಾಮಿ ಕೂತಿದ್ದ.

ಆ ವಾರವೇ ಹುಳ ಹಣ್ಣಾಗತೊಡಗಿತು. ರೇಷ್ಮೆ ಮನೆಯಲ್ಲಿ ಅದು ಕೂಳಿಗೂ ಪುರುಸೊತ್ತಿಲ್ಲದ ಹೊತ್ತು. ಹಣ್ಣಾದ ಹುಳವನ್ನು ಹೊತ್ತು ಮೀರದೆ ಆರಿಸಿ, ಗೂಡು ಕಟ್ಟಲು ಬಿದಿರಿನಿಂದ ಹೆಣೆದ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಸಿಕ್ಕಿದಲ್ಲಿ ನೂಲು ಸುರಿಸಿಬಿಡುತ್ತದೆ. ಆ ಬೆಳಿಗ್ಗೆಯೇ ಓಬಳಮ್ಮ ಕುಂಟುತ್ತ ಚಿಂತಾಮಣಿ ಬಸ್ಸು ಹತ್ತಿ ತಮ್ಮ ನರೇಂದ್ರನ ಮನೆಗೆ ಹೊರಟಳು. ಮುನಿವೆಂಕಟಪ್ಪ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂದು ಗೋಗರೆದ. ಹುಳ ಸಾಯುವುದಿಲ್ಲ, ಆಳು ಸಿಗುತ್ತಾರೆ, ಅವರಿಗೆ ಅಡುಗೆ ನೀನೇ ಮಾಡಿ ಹಾಕು ಎಂದಳು. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ, "ಅಲ್ಲಿಗೆ ಬಂದು ನಮ್ ನರೇಂದ್ರನ ಎದ್ರಿಗೆ ನಿನ್ ಬಾಯಲ್ಲಿ ಹೇಳು. ಅಲ್ಲೀಗಂಟ ನಾನ್ ಬರಾಕಿಲ್ಲ" ಎಂದಳು.

ಅವನು ದಿನವೂ ಫೋನು ಮಾಡಿದ. ಅವಳು ಎತ್ತಲಿಲ್ಲ. ಅವನ ಹೆಸರು ತೆರೆಯ ಮೇಲೆ ಬಂದಾಗ ಬೆರಳಿನಿಂದ ಪಕ್ಕಕ್ಕೆ ತಳ್ಳಿ ಮರಳು ಸುರಿಯುವುದನ್ನು ಮುಂದುವರಿಸಿದಳು. ಚಿಕ್ಕವೆಂಕಟಮ್ಮ ಎರಡನೇ ದಿನಕ್ಕೇ ಸಾದಲಿಗೆ ಪರಾರಿಯಾದಳೆಂದೂ, ಮುನಿವೆಂಕಟಪ್ಪ ಆಳು ಹೆಂಗಸರಿಗೆ ಬೇಯಿಸಿದ ಸಾರನ್ನು ಅವರು ನಾಯಿಗೆ ಹಾಕಿದರೆಂದೂ ಯಾಮಿನಿಯಿಂದ ತಿಳಿಯಿತು. ಕೇಳಿ ಓಬಳಮ್ಮನಿಗೆ ಸಂತೋಷವಾಯಿತು. ಇನ್ನೊಂದು ಸಲ ಹೇಳಿಸಿ ಕೇಳಿದಳು.

ಗೂಡು ಬಿಡಿಸಿ ಮಾರಿದ ಮರುದಿನ ಮುನಿವೆಂಕಟಪ್ಪ ಬಂದ. ಕಣ್ಣು ಗುಳಿ ಬಿದ್ದಿದ್ದವು. ನರೇಂದ್ರ ಕುರ್ಚಿ ಹಾಕಿದ, ಅವನು ಕೂರಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ, ಸೊಪ್ಪು ತಂದದ್ದು, ವಾಸನೆ ಗೊತ್ತಿದ್ದದ್ದು, ಮಾವನವರು ಬಂದಾಗ ಬಾಯಿ ಬಿಡದೆ ನಿಂತದ್ದು ಎಲ್ಲ ಒಪ್ಪಿಸಿದ. ನರೇಂದ್ರನಿಗೇ ಮುಜುಗರವಾಗಿ, ಬಿಡಿ ಭಾವ, ಆಗಿದ್ದು ಆಯಿತು ಎಂದ. ಬಿಡಿ ಎಂದು ಓಬಳಮ್ಮ ಹೇಳಲಿಲ್ಲ.

ಬೈಕಿನಲ್ಲಿ ವಾಪಸು ಬರುವಾಗ ದಿಬ್ಬೂರಹಳ್ಳಿ ಹತ್ತಿರವಾದಾಗ ಅವನು ಮೆಲ್ಲಗೆ, ಈಗಲಾದರೂ ಸಮಾಧಾನವಾಯಿತೇ ಎಂದು ಕೇಳಿದ.

"ಇಲ್ಲ" ಎಂದಳು ಓಬಳಮ್ಮ. "ಇದು ನಮ್ ಕಡೇರಿಗೆ ಹೇಳಿದ್ದಾಯ್ತು. ನಿಮ್ ಕಡೇರು ಎಲ್ರೂ ಇನ್ನೂ ಉಳ್ಕೊಂಡವ್ರೆ."

ಅಂದಿನಿಂದ ಭಾನುವಾರ ಬಂದರೆ ಮುನಿವೆಂಕಟಪ್ಪ ಬೈಕು ತೆಗೆಯುತ್ತಾನೆ, ಓಬಳಮ್ಮ ಹಿಂದೆ ಕೂರುತ್ತಾಳೆ. ಸಾದಲಿ ಆಯಿತು, ಚಿಕ್ಕಬಳ್ಳಾಪುರದ ಚಿಕ್ಕಪ್ಪನ ಮನೆ ಆಯಿತು. ಹೋದಲ್ಲೆಲ್ಲ ಅವನು ಮೊದಲಿಂದ ಕೊನೆಯವರೆಗೂ ಹೇಳಬೇಕು, ಒಂದು ಮಾತು ನುಂಗಿದರೂ ಅವಳು ನೆನಪಿಸುತ್ತಾಳೆ. ಹೆಂಗಸಿಗೆ ಇಷ್ಟು ಛಲವಿರಬಾರದು, ಮುದಿ ವಯಸ್ಸಿನಲ್ಲಿ ಗಂಡನ ಮಾನ ಕಳೆಯುತ್ತಿದ್ದಾಳೆ ಎಂದು ನೆಂಟರು ಹಿಂದಿನಿಂದ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿದೆ. ಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದು ಮುಗಿಸಿ, ಮುಂದಿನ ವಾರ ಮುದ್ದೇನಹಳ್ಳಿಯ ಭಾವನ ಮನೆಗೆ ಹೋಗಬೇಕೆಂದು ಅವರ ಎದುರಿಗೇ ಗಂಡನಿಗೆ ಹೇಳಿ ಏಳುತ್ತಾಳೆ.