ಮತ್ತೆ ಮತ್ತೆ ಕುಗ್ಗುತ್ತಿದ್ದ ಪರದೆ

ಲಕ್ಷ್ಮೀಪುರಂನಲ್ಲಿ ಪ್ರೆಸ್ ನಡೆಸುವ ಫಿಲೋಮಿನಾ ಮೇಡಂ ಅವರ ಹಳೇ ಕಂಪ್ಯೂಟರನ್ನು ಇದ್ದ ಹಾಗೇ ನಕಲು ಮಾಡಿ, ಹೊಸದರೊಳಗೆ ವರ್ಚುವಲ್ ಮಷೀನಾಗಿ, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರಾಗಿ ಕೂರಿಸಿದ್ದೆ. ಲಗ್ನಪತ್ರಿಕೆ ಜೋಡಿಸುವ ಸಾಫ್ಟ್‌ವೇರೇನೋ ಓಡಿತು. ಆದರೆ ವಿಂಡೋ ಎಷ್ಟು ದೊಡ್ಡದು ಮಾಡಿದರೂ ಒಳಗಿನ ಪರದೆ ಅಂಚೆಚೀಟಿಯಷ್ಟೇ. ಅರವತ್ತು ದಾಟಿದ ಅವರಿಗೆ ಒತ್ತಕ್ಷರವೇ ಕಾಣುತ್ತಿರಲಿಲ್ಲ. ಸಂಜೆಯೊಳಗೆ ಒಂದು ಮದುವೆಯ ಪತ್ರಿಕೆ ಅಚ್ಚಾಗಲೇಬೇಕಿತ್ತು.

ಪರದೆಯನ್ನು ನಡೆಸುವ ಡಿಸ್‌ಪ್ಲೇ ಡ್ರೈವರನ್ನು ಮೂರು ಸಲ ತೆಗೆದು ಮತ್ತೆ ಹಾಕಿದೆ. ಜಪ್ಪಯ್ಯ ಅನ್ನಲಿಲ್ಲ.

ಬೆನ್ನ ಹಿಂದೆ ನಿಂತಿದ್ದ ಮೇಡಂ, "ಅದು ಒಂದ್ಸಲ ದೊಡ್ಡದಾಗಿ ಆಮೇಲೆ ಕುಗ್ತದೆ ಕಣ್ರೀ. ನೀವು ಅಷ್ಟೊತ್ತಿಗೆ ಕೀಬೋರ್ಡ್ ನೋಡ್ತಿರ್ತೀರ" ಅಂದರು.

"ಹಾಗಾಗಲ್ಲ ಮೇಡಂ."

"ಎಳೀರಿ, ನೋಡೇಬುಡೋಣ."

ವಿಂಡೋದ ಅಂಚು ಹಿಡಿದು ಎಳೆದೆ. ಪರದೆ ಅಗಲವಾಗಿ ಹರಡಿ, ಮರುಕ್ಷಣವೇ ಕುಗ್ಗಿತು! ಅಂದರೆ ಒಳಗೇ ಯಾವುದೋ ಪ್ರೋಗ್ರಾಂ ಅದನ್ನು ಹಳೇ ಅಳತೆಗೆ ತರುತ್ತಿದೆ. ಹುಡುಕಿದೆ. ಹಿಂದಿನ ಪುಟ್ಟ ಮಾನಿಟರಿಗೆಂದು ಯಾರೋ ಹಾಕಿದ್ದ ಪ್ರೋಗ್ರಾಂ ಸಿಕ್ಕಿತು. ಅದನ್ನು ತೆಗೆದು ವಿಂಡೋ ಎಳೆದರೆ, ಮದುಮಗಳ ಹೆಸರು ಈ ತುದಿಯಿಂದ ಆ ತುದಿಯವರೆಗೆ ಹರಡಿ ನಿಂತಿತು. ಇಬ್ಬರೂ ಚಪ್ಪಾಳೆ ಹೊಡೆದೆವು.

ಅಷ್ಟರಲ್ಲಿ ಮದುವೆ ಮನೆಯವರ ಫೋನು ಬಂತು. "ಕಂಪ್ಯೂಟರ್ ಕೈಕೊಟ್ಟಿತ್ತು, ಏನಾಗಿದೆ ಅಂತ ನಾನೇ ಕಂಡುಹಿಡಿದೆ" ಎಂದರು ಮೇಡಂ. ಆಮೇಲೆ ನನ್ನ ಮುಖ ನೋಡಿ, "ಇವರೂ ಜೊತೆಗಿದ್ರು" ಎಂದು ಸೇರಿಸಿದರು. ಅದರಲ್ಲಿ ತಿದ್ದುವಂಥದ್ದೇನೂ ನನಗೆ ಕಾಣಲಿಲ್ಲ.