ಬರ್ತಾಳೆ, ಟೀಚರ್

ಇವತ್ತು ಬೆಳಿಗ್ಗೆ ಕಾಫಿ ಲೋಟವನ್ನು ಬಾಯಿಯ ಹತ್ತಿರ ತಂದರೆ ಮೂಗಿಗೆ ಬಂದದ್ದು ಎಣ್ಣೆಯ ವಾಸನೆ. ಕಾಡಿಗೆ ಹೋಗುವವರು ಉಣುಗು ಕಚ್ಚದಿರಲಿ ಎಂದು ಕೈಕಾಲಿಗೆ ಹಚ್ಚಿಕೊಳ್ಳುತ್ತಾರಲ್ಲ, ಆ ಎಣ್ಣೆ. ಮಂಗನ ಕಾಯಿಲೆಯ ಕಾಲ ಬಂತೆಂದರೆ ನಮ್ಮ ಹೊಸನಗರದ ಕಡೆ ಮನೆಮನೆಗೂ ಅದರ ಬಾಟಲಿ ಬರುತ್ತದೆ. ನಮ್ಮ ಮನೆಗೆ ಹೊತ್ತು ತಂದವರು ರತ್ನ ಟೀಚರ್. ಅಂಗನವಾಡಿಯಿಂದ ನಿವೃತ್ತರಾಗಿ ಒಂದು ಮಳೆಗಾಲ ಕಳೆದಿದೆ. ಯಾರೂ ಹೇಳದೆ, ಯಾರನ್ನೂ ಕೇಳದೆ, ಆಸ್ಪತ್ರೆಯವರಿಂದ ಬಾಟಲಿಗಳನ್ನು ಇಸಕೊಂಡು ಹೆಗಲ ಚೀಲದಲ್ಲಿ ತುಂಬಿಕೊಂಡು ತಿರುಗುತ್ತಾರೆ. ನಾನು ಮುಚ್ಚಳ ತೆಗೆದು ಮೂಸಿದೆ. ಬೆರಳಿಗೆ ಅಂಟಿತು.

“ಏಜೆಂಟ್ರೇ, ಮೂಸಿ ನೋಡಿ ಇಡಾಕಲ್ಲ ತಂದಿದ್ದು. ಹಚ್ಕಬೇಕು.”

“ನಾನು ಕಾಡಿಗೆ ಹೋಗದೆ ಎಷ್ಟೋ ವರ್ಷ ಆಯ್ತು ಟೀಚರೇ.”

“ನೀವು ಹೋಗಲ್ಲ. ನಿಮ್ಮನೆ ದನ ಹೋಗುತ್ತಲ್ಲ? ಬರುವಾಗ ಅದು ನಿಮಗೆ ಎಂತ ತರುತ್ತೆ, ಚಾಕ್ಲೇಟಾ?”

ಒಳಗಿನಿಂದ ನನ್ನ ಹೆಂಡತಿ ನಕ್ಕಳು. ನನ್ನ ಮನೆಯಲ್ಲಿ ನನ್ನನ್ನು ಯಾರು ಬೈದರೂ ಅವಳಿಗೆ ಸಂತೋಷವೇ. ಟೀಚರ್ ಮಂಡಿ ಹಿಡಿದುಕೊಂಡು ಜಗಲಿಯ ಮೇಲೆ ಕೂತರು, ಕಾಫಿ ಬಂತು. ಅವರು ಕಾಫಿಯನ್ನು ಬಹಳ ನಿಧಾನವಾಗಿ ಕುಡಿಯುತ್ತಾರೆ. ಅವರು ಕುಡಿದು ಮುಗಿಸುವುದರೊಳಗೆ ನಿಮಗೊಂದು ವಿಷಯ ಹೇಳಿಬಿಡುತ್ತೇನೆ.

ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಬಸ್ ಏಜೆಂಟನಾಗಿದ್ದವನು. ಹೊಸನಗರದ ಬಸ್ ನಿಲ್ದಾಣದಲ್ಲಿ ನಿಂತು “ಸಾಗರ, ಸಾಗರ, ಸಾಗರ! ತೀರ್ಥಳ್ಳಿ, ತೀರ್ಥಳ್ಳಿ!” ಎಂದು ಕೂಗಿ ಜನ ಹತ್ತಿಸುವುದೇ ಕಸುಬು. ನನ್ನ ಗಂಟಲಿನ ಬಗ್ಗೆ ನನಗೆ ಬಹಳ ಅಭಿಮಾನ. ತೀರ್ಥಹಳ್ಳಿಗೆ ಹೋಗುವ ಉದ್ದೇಶವೇ ಇಲ್ಲದವರೂ ನನ್ನ ಕೂಗಿಗೆ ಬೆದರಿ ತೀರ್ಥಹಳ್ಳಿ ಬಸ್ಸು ಹತ್ತಿದ್ದುಂಟು ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಅದನ್ನು ಹೊಗಳಿಕೆ ಎಂದೇ ನಾನು ತೆಗೆದುಕೊಂಡಿದ್ದೆ.

ನಮ್ಮ ಕೇರಿಯ ಅಂಗನವಾಡಿ ನಮ್ಮ ಮನೆಯಿಂದ ಕೂಗಳತೆಯ ದೂರ. ಬೆಳಗಿನ ಬಸ್ಸುಗಳನ್ನು ಕಳಿಸಿ ಊಟಕ್ಕೆ ಮನೆಗೆ ಬರುವಾಗ ಒಳಗಿನ ಗಲಾಟೆ ಕಿವಿಗೆ ಬೀಳುತ್ತಿತ್ತು. ನನಗೆ ರಜೆಯಿದ್ದ ದಿನಗಳಲ್ಲಿ ಬೆಳಗಿನ ಹಾಜರಿಯೂ ಕೇಳುತ್ತಿತ್ತು. ಅದು ಬೇರೆಲ್ಲೂ ಕೇಳದ ಹಾಜರಿ. ಟೀಚರ್ ಹೆಸರು ಕರೆದರೆ ಆ ಮಗು “ಬಂದೆ ಟೀಚರ್” ಎನ್ನಬೇಕು. ಮಗು ಬಂದಿರದಿದ್ದರೆ ಉಳಿದ ಮಕ್ಕಳೆಲ್ಲ ಸೇರಿ “ಬರ್ತಾನೆ ಟೀಚರ್”, “ಬರ್ತಾಳೆ ಟೀಚರ್” ಎನ್ನಬೇಕು. “ಬಂದಿಲ್ಲ” ಎಂಬ ಮಾತು ಅಲ್ಲಿ ನಡೆಯುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಹಿರಿಯರು ಹೀಗೆಯೇ ಇದ್ದಿರಬಹುದು. ಅಕ್ಕಿ ಮುಗಿದರೆ “ಅಕ್ಕಿ ಹೆಚ್ಚಿದೆ” ಎನ್ನುವುದು, ದೀಪ ಆರಿಸಬೇಕಾದರೆ “ದೊಡ್ಡದು ಮಾಡು” ಎನ್ನುವುದು. ಟೀಚರ್ ಆ ಮನೆಮಾತನ್ನು ಹಾಜರಿಗೆ ತಂದಿದ್ದರು, ಅಷ್ಟೆ. ಒಮ್ಮೆ ಮೇಲಿನಿಂದ ತಪಾಸಣೆಗೆ ಬಂದ ಮೇಡಂ ಒಬ್ಬರು ಮಕ್ಕಳನ್ನೇ ನೇರವಾಗಿ ಕೇಳಿದರಂತೆ, “ಇವತ್ತು ಯಾರು ಯಾರು ಬಂದಿಲ್ಲ?” ಮಕ್ಕಳು ಒಕ್ಕೊರಲಿನಿಂದ, “ಬರ್ತಾರೆ ಟೀಚರ್!” ಮೇಡಂ ಮತ್ತೆ ಕೇಳಿದರು. ಮಕ್ಕಳು ಇನ್ನೂ ಜೋರಾಗಿ ಅದನ್ನೇ ಹೇಳಿದರು. “ಇದೇನ್ರೀ ಇದು, ಬರೋರಿಗೆ ಕಾಯ್ತಾ ಕೂರ್ಲಾ ನಾನು?” ಎಂದು ಮೇಡಂ ಕೇಳಿದರೆ, ಟೀಚರ್, “ಕೂತ್ಕಳಿ, ಉಪ್ಪಿಟ್ಟು ಆಗ್ತಾ ಇದೆ” ಎಂದರಂತೆ.

ನಗುವ ವಿಷಯ. ನಾನೂ ನಗುತ್ತಿದ್ದೆ, ಚೈತ್ರಾ ಕಾಣೆಯಾದ ಸಂಜೆಯವರೆಗೆ.

ಚೈತ್ರಾ ನಮ್ಮ ಮೇಲಿನ ಮನೆಯ ಸುಜಾತಳ ಮಗಳು. ಆಗ ಅವಳಿಗೆ ನಾಲ್ಕು ವರ್ಷ. ಬೇಸಿಗೆ ಹತ್ತಿರವಾಗಿ ಕಾಡಿನಲ್ಲಿ ಎಲೆ ಉದುರುವ ಕಾಲ. ಸುಜಾತ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು, ಕೊಟ್ಟಿಗೆಗೆ ಹಾಸುವ ಒಣ ಎಲೆ, ದರಗು ತರಲು ಗುಡ್ಡಕ್ಕೆ ಹೋಗಿದ್ದಳು. ಮಗು ಅಮ್ಮನ ಹಿಂದೆ ಹೋಯಿತೆಂದು ಅಜ್ಜಿ ತಿಳಿದಳು; ಅಜ್ಜಿಯ ಹತ್ತಿರ ಇದೆಯೆಂದು ಅಮ್ಮ ತಿಳಿದಳು. ಹೊರೆ ಇಳಿಸಿ “ಪುಟ್ಟಿ ಎಲ್ಲಿ ಅತ್ತೆ?” ಎಂದು ಸುಜಾತ ಕೇಳಿದಾಗ ಬಿಸಿಲು ಮರದ ತುದಿಗೆ ಹತ್ತಿತ್ತು.

ಕೇರಿಯ ಗಂಡಸರೆಲ್ಲ ಓಡಿದೆವು. ಆ ಗುಡ್ಡದಲ್ಲಿ ಹಂದಿಯಿದೆ, ಆಗಾಗ ಚಿರತೆಯೂ ಸುಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಹೆದರಿಕೆ ಇಳಿಜಾರಿನ ಕೆಳಗಿನ ಹಳೆಯ ಕಲ್ಲುಕ್ವಾರಿಯದ್ದು. ಕೆಂಪುಕಲ್ಲು ಕಡಿದು ಬಿಟ್ಟುಹೋದ ಆಳದ ಗುಂಡಿ, ಬೇಸಿಗೆಯಲ್ಲೂ ಬತ್ತದ ನೀರು, ಅಂಚಿನ ತುಂಬ ಪೊದೆ. ಯಾರೂ ಅದರ ಹೆಸರೆತ್ತಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು.

ನಾನು ಕೂಗಿದೆ. ಬಸ್ ನಿಲ್ದಾಣದಲ್ಲಿ ಯಾವತ್ತೂ ಕೂಗದಷ್ಟು ಜೋರಾಗಿ “ಚೈತ್ರಾ! ಚೈತ್ರಾ!” ಎಂದು ಕೂಗಿದೆ. ಗುಡ್ಡ ಅದನ್ನು ನನಗೇ ವಾಪಸ್ಸು ಕೊಟ್ಟಿತು. ಕ್ವಾರಿಯ ಪೊದೆಗಳ ಮೇಲೂ ಟಾರ್ಚು ಬಿಟ್ಟೆವು, ನಾಯಿ ಬಿಟ್ಟೆವು. ಕತ್ತಲು ಇಳಿಯುತ್ತ ಬಂತು. ನನ್ನ ಗಂಟಲು ಒಡೆಯಿತು; ಉತ್ತರ ಬರಲಿಲ್ಲ.

ಸುದ್ದಿ ತಿಳಿದು ಕೆಳಗಿನ ಕೇರಿಯಿಂದ ಟೀಚರ್ ಬಂದರು. ಅಂಗಳದಲ್ಲಿ ಅಜ್ಜಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಕೂತಿದ್ದಳು: “ಹೆಸ್ರು ಹಿಡ್ದು ಕೂಗ್ಬೇಡ್ರೋ. ಮಗು ಓಗೊಡದಿಲ್ಲ. ಮೂರ್ಸಂಜೆಲಿ ಕಾಡಿಂದ ಯಾರಾದ್ರೂ ಹೆಸ್ರು ಹಿಡ್ದು ಕರೆದ್ರೆ ಓ ಅನ್ಬೇಡ, ದೆವ್ವ ಇರ್ತದೆ ಅಂತ ನಾನೇ ಹೇಳ್ಕೊಟ್ಟಿದ್ದು.”

ಈ ಮಾತನ್ನು ನಾವೆಲ್ಲರೂ ನಮ್ಮ ಅಜ್ಜಿಯರಿಂದ ಕೇಳಿ ಬೆಳೆದವರೇ. ಆದರೂ ಆ ಹೊತ್ತಿಗೆ ಯಾರಿಗೂ ನೆನಪಾಗಿರಲಿಲ್ಲ. ಟೀಚರ್ ಅಜ್ಜಿಯ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂಗಳದಲ್ಲಿ ಅಮ್ಮಂದಿರ ಸೆರಗು ಹಿಡಿದು ನಿಂತಿದ್ದ ಮಕ್ಕಳ ಕಡೆ ತಿರುಗಿ, “ಎಲ್ಲಾ ಬನ್ನಿ, ಸಾಲಾಗಿ ಕೂರಿ” ಎಂದರು. ಮಕ್ಕಳನ್ನು ಗುಡ್ಡದ ಅಂಚಿಗೆ ಕರೆದುಕೊಂಡು ಹೋಗಿ, ಅಂಗನವಾಡಿಯಲ್ಲಿ ಕೂರುವ ಹಾಗೆಯೇ ನೆಲದ ಮೇಲೆ ಕೂರಿಸಿದರು.

“ಎಂತ ಮಾರಾಯ್ರೇ, ಈಗ ಶಾಲೆ ನಡೆಸಾಕೆ ಹೊಂಟ್ರಾ?” ಎಂದ ಪಕ್ಕದ ಮನೆಯ ತಿಮ್ಮಪ್ಪ. ಅವನ ದನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು.

“ಹೌದು. ಟಾರ್ಚ್ ಆರಿಸು, ನಾಯಿ ಕಟ್ಟು. ಏಜೆಂಟ್ರೇ, ನೀವು ಬಾಯಿ ಮುಚ್ಕಳಿ.”

ನಾನು ಮುಚ್ಚಿಕೊಂಡೆ.

ಟೀಚರ್ ಹಾಜರಿ ಕರೆಯತೊಡಗಿದರು. ಕೂಗಲಿಲ್ಲ. ದಿನಾ ಬೆಳಿಗ್ಗೆ ಕರೆಯುವ ಅದೇ ರಾಗದಲ್ಲಿ, ಸ್ವಲ್ಪ ದೊಡ್ಡ ದನಿಯಲ್ಲಿ, ಒಂದೊಂದೇ ಹೆಸರು. “ಆದರ್ಶ.” “ಬಂದೆ ಟೀಚರ್.” “ಇಂಚರ.” “ಬಂದೆ ಟೀಚರ್.” ಚೈತ್ರಾಳ ಹೆಸರು ಬಂತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಅಭ್ಯಾಸದ ಬಲದಿಂದ, ಎಲ್ಲರೂ ಒಟ್ಟಿಗೆ ಹೇಳಿದರು.

“ಬರ್ತಾಳೆ, ಟೀಚರ್.”

ಸುಜಾತ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಟೀಚರ್ ಉಳಿದ ಹೆಸರುಗಳನ್ನು ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ “ಬರ್ತಾಳೆ ಟೀಚರ್”. ಮತ್ತೆ ಮೊದಲಿನಿಂದ. ಈ ಸಲ ಚೈತ್ರಾಳ ಹೆಸರು ಕರೆದಾಗ ಮಕ್ಕಳು ಬಾಯಿ ತೆರೆಯುವ ಮೊದಲೇ, ಕೆಳಗಿನಿಂದ, ಕ್ವಾರಿಯ ಕಡೆಯಿಂದ, ಹಕ್ಕಿಮರಿಯಂಥ ಒಂದು ದನಿ ಬಂತು.

“ಬಂದೆ, ಟೀಚರ್.”

ಆಗ ಟೀಚರ್ ಮಾಡಿದ್ದನ್ನು ನಾನು ಸರಿಯಾಗಿ ಹೇಳಬೇಕು. ಸುಜಾತ ಎದ್ದು ಓಡಲು ಹೊರಟಳು. ಟೀಚರ್ ಅವಳ ರಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿದರು. ದನಿಯ ರಾಗ ಒಂದಿಷ್ಟೂ ಬದಲಾಗಲಿಲ್ಲ. “ಜಾಣೆ. ಎದ್ದೇಳ್ಬಾರ್ದು. ಹಾಜರಿ ಮುಗಿಯೋ ತನಕ ಯಾರೂ ಎದ್ದೇಳ್ಬಾರ್ದು,” ಎಂದು ಮುಂದಿನ ಹೆಸರು ಕರೆದರು. ಇನ್ನೊಂದು ಕೈಯಿಂದ ನಮಗೆ ಹೋಗಿ ಎಂದು ಸನ್ನೆ ಮಾಡಿದರು. ನಾನೂ ತಿಮ್ಮಪ್ಪನೂ ದರಗಿನ ಮೇಲೆ ಸದ್ದಾಗದಂತೆ ಇಳಿದೆವು. ಮೇಲೆ ಹೆಸರುಗಳು ಮುಗಿದರೂ ಹಾಜರಿ ಮುಗಿಯಲಿಲ್ಲ. ಟೀಚರ್ ದೊಡ್ಡ ಶಾಲೆಗೆ ಹೋದ ಹಳೆಯ ಮಕ್ಕಳ ಹೆಸರನ್ನೂ ಕರೆಯುತ್ತಿದ್ದರು. ಹಿಂದೆ ನಿಂತಿದ್ದ ಆ ದೊಡ್ಡ ಹುಡುಗರು, ಮೀಸೆ ಚಿಗುರಿದವರೂ ಸೇರಿ, “ಬಂದೆ ಟೀಚರ್” ಎನ್ನುತ್ತಿದ್ದರು.

ಮಗು ಕ್ವಾರಿಯ ಅಂಚಿನಲ್ಲಿ, ಎರಡು ಕಲ್ಲುಗಳ ನಡುವೆ, ಕೈಕಟ್ಟಿ ಕೂತಿತ್ತು. ಮುಂದೆ ಒಂದು ಹೆಜ್ಜೆ ಇಟ್ಟಿದ್ದರೆ ನೀರು.

ಎತ್ತಿಕೊಂಡು ಬರುವಾಗ ಒಡೆದ ಗಂಟಲಿನಲ್ಲಿ ಕೇಳಿದೆ, “ಅಷ್ಟು ಹೊತ್ತಿಂದ ಕೂಗ್ತಿದೀನಲ್ಲೇ, ಕೇಳಿಸ್ಲಿಲ್ವಾ?”

“ಕೇಳ್ತು. ದೆವ್ವ ಅಂದ್ಕಂಡೆ.”

“ಮತ್ತೆ ಟೀಚರು?”

ಮಗು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿತು. “ದೆವ್ವಕ್ಕೆ ಎಲ್ಲಾರ ಹೆಸ್ರು ಬರಲ್ಲ.”

ಮಗುವನ್ನು ಸುಜಾತಳ ಕೈಗೆ ಕೊಟ್ಟ ಮೇಲೆ ಟೀಚರ್ ಜಗಲಿಯ ಮೇಲೆ ಕೂತು ನೀರು ಕೇಳಿದರು. ಕೊಟ್ಟ ಚೊಂಬು ಕೈಯಲ್ಲಿ ನಿಲ್ಲಲಿಲ್ಲ, ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಅಜ್ಜಿ ಬಂದು ಚೊಂಬನ್ನು ಹಿಡಿದುಕೊಂಡು, ಮಗುವಿಗೆ ಕುಡಿಸುವ ಹಾಗೆ ಕುಡಿಸಿದಳು.

ಚೈತ್ರಾ ಈಗ ತೀರ್ಥಹಳ್ಳಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಆ ಸಂಜೆ ಅವಳಿಗೆ ನೆನಪೇ ಇಲ್ಲವಂತೆ. ಇರಬೇಕಾಗಿಯೂ ಇಲ್ಲ, ನೆನಪಿಟ್ಟುಕೊಳ್ಳಲು ನಾವಿದ್ದೇವೆ. ಮದುವೆ ಮನೆಗಳಲ್ಲಿ ಸಾಗರದ ಕಡೆಯ ನೆಂಟರು ತಮ್ಮೂರಿನ ಡಾಕ್ಟರು, ಎಂಜಿನಿಯರುಗಳ ಹೆಸರು ಹೇಳಿದಾಗ ನಾನು ಸುಮ್ಮನೆ ಕೇಳುತ್ತೇನೆ. ಅವರದು ಮುಗಿಯಲಿ ಎಂದು ಕಾದು, “ನಮ್ಮಲ್ಲೊಬ್ಬರು ಅಂಗನವಾಡಿ ಟೀಚರ್ ಇದಾರೆ” ಎಂದು ಶುರುಮಾಡುತ್ತೇನೆ.

ಕಾಫಿ ಮುಗಿಯಿತು. ಟೀಚರ್ ಲೋಟ ಇಟ್ಟು, ಕಂಬ ಹಿಡಿದು ಎದ್ದು, ಚೀಲವನ್ನು ಹೆಗಲಿಗೆ ಏರಿಸಿದರು. ಗುಡ್ಡದಾಚೆ ಹೊಸದಾಗಿ ಬಂದಿರುವ ಕೂಲಿಯವರ ಮನೆಗಳಿಗೆ ಈ ವಾರವೂ ಹೋಗಬೇಕಂತೆ. ಅವರ ಮಂಡಿ ಮೊದಲ ಮೆಟ್ಟಿಲಿಗೇ ತಕರಾರು ಮಾಡಿತು. ಆ ದಾರಿಯನ್ನು ಅವರು ಎಷ್ಟೋ ಸಲ ನಡೆದಿದ್ದಾರೆ, ನಾನು ಅಷ್ಟೇ ಸಲ ಜಗಲಿಯ ಮೇಲೆ ಕೂತು ನೋಡಿದ್ದೇನೆ ಎಂಬುದು ಹೊಳೆದದ್ದು ಇವತ್ತು. ಚೀಲ ಇಸಕೊಂಡೆ.

“ಎಂತ ಏಜೆಂಟ್ರೇ, ಬಿಸಿಲಿಗೆ ತಲೆ ಕೆಟ್ಟಿತಾ?”

“ಚಪ್ಪಲಿ ಹಾಕ್ಕಳ್ತೀನಿ, ನಿಲ್ಲಿ.”

ಮೊದಲ ಮನೆಯ ಬಾಗಿಲಿಗೆ ಬಂದವಳು ಕಂಕುಳಲ್ಲಿ ಕೂಸು ಹೊತ್ತ ಸಣ್ಣ ಹೆಂಗಸು. ಟೀಚರ್ ಇನ್ನೂ ಹಿಂದೆ ಏದುತ್ತ ಬರುತ್ತಿದ್ದರು. ಗುರುತಿಲ್ಲದ ಗಂಡಸು ಚೀಲ ಹಿಡಿದು ನಿಂತದ್ದು ಕಂಡು ಅವಳು ಬಾಗಿಲನ್ನು ಅರ್ಧ ಎಳೆದುಕೊಂಡಳು.

“ಯಾರ್ ಕಡೆಯೋರು ನೀವು? ಪಂಚಾಯ್ತಿಯೋರಾ?”

“ಅಲ್ಲಮ್ಮ,” ಎಂದೆ. “ನಾನು ರತ್ನ ಟೀಚರ್ ಕಡೆಯವನು.”

ಅವಳು ಬಾಗಿಲು ಪೂರ್ತಿ ತೆರೆದಳು.